ಸದ್ದಿಲ್ಲದ ದೋಣಿ

ಗುಬ್ಬಿಯಿಂದ ತುಮಕೂರಿಗೆ ಬೆಳಗಿನ ರೈಲಿನಲ್ಲಿ ಓಡಾಡುವವರಿಗೆಲ್ಲ ಪ್ರೇಮಲತಾ ಗುರುತು. ಹೆಗಲಿಗೆ ಟೂಲ್ ಬ್ಯಾಗು, ಕಾಲಿಗೆ ದಪ್ಪ ಶೂ, ಕೈಯಲ್ಲಿ ಟಿಫನ್ ಡಬ್ಬಿ. ತುಮಕೂರಿನ ಮರಳೂರಿನಲ್ಲಿರುವ ಸೋಲಾರ್ ಅಂಗಡಿಯೊಂದರಲ್ಲಿ ಅವಳಿಗೆ ಫಿಟ್ಟಿಂಗ್ ಕೆಲಸ. ಕುಣಿಗಲ್ಲಿನ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿದಾಗ ಕ್ಲಾಸಿನಲ್ಲಿದ್ದ ಹುಡುಗಿ ಅವಳೊಬ್ಬಳೇ. ಮೊದಮೊದಲು ಗ್ರಾಹಕರು ಏಣಿ ಹತ್ತುತ್ತಿದ್ದವಳನ್ನು ನೋಡಿ, "ಮೇಸ್ತ್ರಿ ಯಾವಾಗ ಬರ್ತಾರಮ್ಮ?" ಎಂದು ಕೇಳುತ್ತಿದ್ದರು. ಈಗ ಅವಳನ್ನೇ ಕಳಿಸಿ ಎಂದು ಫೋನ್ ಮಾಡುತ್ತಾರೆ. ಎಷ್ಟೋ ಮನೆಗಳ ತಾರಸಿಯ ಮೇಲೆ ಅವಳು ಜೋಡಿಸಿದ ಪ್ಯಾನೆಲ್‌ಗಳಿವೆ.

ಆದರೆ ಅವಳು ಎಲ್ಲಕ್ಕಿಂತ ಮೊದಲು ಮಾಡಬೇಕೆಂದುಕೊಂಡಿದ್ದ ಕೆಲಸವೇ ಎಲ್ಲಕ್ಕಿಂತ ತಡವಾಯಿತು. ಅದು ಅವಳಪ್ಪ ರಾಮಾಂಜಿನಯ್ಯನ ದೋಣಿಯದು.

ರಾಮಾಂಜಿನಯ್ಯನ ಊರು ಕುಣಿಗಲ್ ಬಳಿಯ ಕೊತ್ತಗೆರೆ ಹೋಬಳಿಯಲ್ಲಿ ಒಂದು ಕೆರೆಯ ದಂಡೆ. ಕೆರೆಯ ಆಚೆ ದಂಡೆಯಲ್ಲಿ ತೆಂಗಿನ ತೋಟಗಳು, ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಕೆರೆ ತುಂಬಿದರೆ ಆಚೆಯವರ ದಾರಿ ಮುಳುಗುತ್ತದೆ. ಆಗ ಬಸ್ಸಿಗೆ, ಸ್ಕೂಲಿಗೆ, ಡೈರಿಗೆ ಹಾಲು ಹಾಕಲು ಎಲ್ಲರೂ ರಾಮಾಂಜಿನಯ್ಯನ ದೋಣಿಯನ್ನೇ ಕಾಯಬೇಕು. ಅವನು ಮೊದಲು ಹುಟ್ಟು ಹಾಕಿಯೇ ದಾಟಿಸುತ್ತಿದ್ದ. ಭುಜ ಸೋತಾಗ, ಬೋರ್‌ವೆಲ್ ಬಂದಮೇಲೆ ಯಾರೋ ಮೂಲೆಗೆ ಹಾಕಿದ್ದ ಡೀಸೆಲ್ ಪಂಪ್‌ಸೆಟ್ಟಿನ ಇಂಜಿನ್ನನ್ನು ತಂದು ದೋಣಿಗೆ ಕೂರಿಸಿಕೊಂಡ. ಅದರ ಸೈಲೆನ್ಸರ್ ತುಕ್ಕು ಹಿಡಿದು ಉದುರಿಹೋಗಿತ್ತು. ದೋಣಿ ಹೊರಟರೆ ಕೆರೆಗೆ ಕೆರೆಯೇ ದಡದಡ ಅನ್ನುತ್ತಿತ್ತು. ಅವನು ಕೂರುತ್ತಿದ್ದದ್ದು ಆ ಇಂಜಿನ್ನಿನ ಪಕ್ಕದಲ್ಲೇ, ಮೊಣಕಾಲಿಗೆ ತಾಗುವಷ್ಟು ಹತ್ತಿರ.

ಅದು ಪ್ರೇಮಲತಾ ಕೆಲಸಕ್ಕೆ ಸೇರಿದ ಹೊಸದು. ಇನ್ನೂ ಮದುವೆಯಾಗಿರಲಿಲ್ಲ. ಒಂದು ಭಾನುವಾರ ಅಳತೆ ಟೇಪು ಹಿಡಿದು ಕೆರೆಗೆ ಬಂದಳು. ದೋಣಿಯಲ್ಲಿ ಜನ ತುಂಬಿದ್ದರು. ಅವಳು ಟೇಪು ಬಿಚ್ಚಿ ಉದ್ದ ಅಗಲ ಅಳೆಯತೊಡಗಿದಾಗ ಅಪ್ಪ ಕೇಳಿದ.

"ಏನವ್ವ, ದೋಣಿಗೆ ಅಂಗಿ ಹೊಲಿಸ್ತೀಯಾ?"

"ಇಲ್ಲಪ್ಪ. ಮೇಲೆ ಸೋಲಾರ್ ಪ್ಯಾನೆಲ್ ಹಾಕಿ, ಕೆಳಗೆ ಬ್ಯಾಟ್ರಿ ಇಟ್ರೆ ಕರೆಂಟ್ ಮೋಟ್ರಲ್ಲೇ ದೋಣಿ ಓಡಿಸ್ಬೋದು. ಡೀಸೆಲ್ ಬೇಡ, ಹೊಗೆ ಬೇಡ, ಈ ಸೌಂಡೂ ಇರಲ್ಲ."

"ಮೋಡ ಮುಚ್ಕಂಡ್ರೆ? ನಡುನೀರಲ್ಲಿ ಕೂತ್ಕಂಡು ಎಲ್ರೂ ಭಜ್ನೆ ಮಾಡಾದಾ?"

ದೋಣಿಯಲ್ಲಿದ್ದವರೆಲ್ಲ ನಕ್ಕರು. ಆಚೆ ದಂಡೆಯ ಹೊನ್ನಯ್ಯ ಎಂಬ ತೋಟದವನು, "ನಿನ್ ಮಗ್ಳು ಬಿಸ್ಲಲ್ಲಿ ದೋಣಿ ಓಡುಸ್ತಾಳಂತೆ ಕಣೋ, ನಾಳೆ ಬೆಳ್‌ದಿಂಗ್ಳಲ್ಲಿ ರಾಗಿ ಬೀಸ್ತಾಳೆ" ಎಂದ. ಮತ್ತೆ ನಗು. ಅಪ್ಪನೂ ಜೋರಾಗಿ ನಕ್ಕ.

"ಸೌಂಡಿದ್ರೇನೆ ಕಣವ್ವ ದೋಣಿ ಬಂತು ಅಂತ ಜನುಕ್ಕೆ ಗೊತ್ತಾಗಾದು. ಬುಡು, ನಿನ್ ಕೆಲ್ಸ ಊರೋರ್ ಮನೆ ಮ್ಯಾಲಿರ್ಲಿ."

ಅವಳು ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮೋಡವಿದ್ದರೂ ಬ್ಯಾಟರಿಯಲ್ಲಿ ಚಾರ್ಜ್ ಇರುತ್ತದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. ಸಂಜೆ ಮನೆಯಲ್ಲಿ ಅವ್ವ ಸುಬ್ಬಲಕ್ಷ್ಮಮ್ಮ, "ನಿಮ್ಮಪ್ಪ ತಮಾಸೆಗೆ ಅಂದಿದ್ದು ಕಣೆ, ಇನ್ನೊಂದ್ ದಪ ಹೇಳ್ನೋಡು" ಎಂದಳು. "ಅವ್ರಿಗೆ ಬೇಡ್ದಿದ್ರೆ ನನಗೇನಂತೆ?" ಎಂದು ಪ್ರೇಮಲತಾ ತುಮಕೂರಿನ ಬಸ್ಸು ಹತ್ತಿದಳು.

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಗುಬ್ಬಿಯ ಚನ್ನೇಶನ ಜೊತೆ ಮದುವೆಯಾಯಿತು. ಮಗಳು ಹುಟ್ಟಿದಳು. ಹಬ್ಬಕ್ಕೆ ಊರಿಗೆ ಬಂದರೂ ಕೆರೆಯ ಕಡೆ ಹೋಗುತ್ತಿರಲಿಲ್ಲ. ಮನೆಯ ಜಗುಲಿಗೇ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಕೇಳಿದಾಗೆಲ್ಲ ಅಂದಿನ ನಗು ನೆನಪಾಗಿ ಅವಳಿಗೆ ಮುಖ ಬಿಸಿಯಾಗುತ್ತಿತ್ತು. ಊರೂರಿನ ತಾರಸಿಗಳಲ್ಲಿ ನಿಂತು ಇದರಿಂದ ನಿಮಗೆ ಏನೇನು ಲಾಭ ಎಂದು ಗಂಟೆಗಟ್ಟಲೆ ವಿವರಿಸುತ್ತಿದ್ದವಳು ಅಪ್ಪನಿಗೆ ಮಾತ್ರ ಎರಡನೇ ಸಲ ವಿವರಿಸಲಿಲ್ಲ.

ಫೋನ್ ಮಾಡಿದರೆ ಅಪ್ಪ "ಹಲೋ, ಹಲೋ" ಎಂದು ಅವ್ವನ ಕೈಗೆ ಕೊಟ್ಟುಬಿಡುತ್ತಿದ್ದ. "ಫೋನು ಕೆಟ್ಟೋಗೈತೆ ಅಂತಾನೆ ಕಣೆ" ಎಂದು ಅವ್ವ ಹೇಳುತ್ತಿದ್ದಳು. ಪ್ರೇಮಲತಾ ಹೊಸ ಫೋನ್ ತಂದುಕೊಟ್ಟಳು. ಅದೂ ಕೆಟ್ಟಿದೆ ಎಂದ. ಮೊಮ್ಮಗಳು ಹಿಂದಿನಿಂದ ತಾತ ತಾತ ಎಂದು ಕೂಗಿದರೆ ತಿರುಗುತ್ತಿರಲಿಲ್ಲ. ದುಡಿದು ಸುಸ್ತಾಗಿದ್ದಾನೆ ಎಂದುಕೊಂಡರು. ಮಾತು ಕಡಿಮೆ ಮಾಡಿದ್ದಾನೆ ಎಂದುಕೊಂಡರು. ಕಿವಿ ಎಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹೊನ್ನಯ್ಯನ ಹೆಂಡತಿ ಬಿದ್ದಾಗ. ಮಳೆ ಚೆನ್ನಾಗಿ ಹಿಡಿದು ಕೆರೆ ಕೋಡಿ ಬಿದ್ದ ವರ್ಷ ಅದು. ಆಕೆ ಒಂದು ಕಾಲನ್ನು ದೋಣಿಯೊಳಗಿಟ್ಟು ಇನ್ನೊಂದನ್ನು ದಂಡೆಯಿಂದ ಎತ್ತುವಷ್ಟರಲ್ಲಿ ರಾಮಾಂಜಿನಯ್ಯ ದೋಣಿಯನ್ನು ಮುಂದಕ್ಕೆ ಬಿಟ್ಟ. ಆಕೆ ಕಿರುಚಿದಳು, ಕೂತಿದ್ದವರೂ ಕಿರುಚಿದರು. ಅವನು ಬೆನ್ನು ತಿರುಗಿಸಿಕೊಂಡು ನೀರನ್ನೇ ನೋಡುತ್ತಿದ್ದ. ಒಬ್ಬರು ಎದ್ದುಬಂದು ಅಂಗಿ ಹಿಡಿದು ಎಳೆದಾಗಲೇ ಇಂಜಿನ್ ನಿಲ್ಲಿಸಿದ್ದು. ಸೊಂಟದ ಮಟ್ಟದ ನೀರು, ಜೀವಕ್ಕೆ ಏನೂ ಆಗಲಿಲ್ಲ. ಮುಂಗೈ ಮೂಳೆ ಮುರಿದಿತ್ತು.

ಹೊನ್ನಯ್ಯ ಜಗಳಕ್ಕೆ ಬರಲಿಲ್ಲ. ಗುಬ್ಬಿಗೆ ಫೋನ್ ಮಾಡಿದ. "ಪ್ರೇಮವ್ವ, ನಿಮ್ಮಪ್ಪುಂಗೆ ಕಿವಿ ಹೋಗೈತೆ ಕಣವ್ವ. ನಾವೆಲ್ಲ ಇಂಜಿನ್ ಸೌಂಡ್ಗೆ ಕೇಳ್ಸಲ್ಲ ಅಂತ್ಲೇ ಅನ್ಕಂಡಿದ್ದೊ. ಇಂಜಿನ್ ಆಫ್ ಮಾಡಿ ಕೂಗುದ್ರೂ ಕೇಳ್ಸಲ್ಲ."

ತುಮಕೂರಿನ ಡಾಕ್ಟರು ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿಸಿ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಆಮೇಲೆ ಪ್ರೇಮಲತಾಳಿಗೆ ಹೇಳಿದರು. "ವಯಸ್ಸಿಂದಷ್ಟೇ ಅಲ್ಲಮ್ಮ. ವರ್ಷಗಟ್ಲೆ ದೊಡ್ಡ ಶಬ್ದದ ಪಕ್ಕ ಕೂತವರಿಗೆ ಹೀಗಾಗುತ್ತೆ. ಒಳಗಿನ ನರ ಸತ್ತಿದೆ, ಅದು ವಾಪಸ್ ಬರಲ್ಲ. ಉಳಿದಿರೋ ಸ್ವಲ್ಪಾನಾದ್ರೂ ಉಳಿಸ್ಕೋಬೇಕು ಅಂದ್ರೆ ಆ ಇಂಜಿನ್ ನಿಲ್ಲಿಸಿ."

"ಮುಂಚೆನೇ ನಿಲ್ಸಿದ್ರೆ, ಸರ್?"

ಡಾಕ್ಟರು ರಿಪೋರ್ಟನ್ನು ಮಡಚಿ ಅವಳ ಕೈಗೆ ಕೊಟ್ಟರು. "ಇಷ್ಟು ಆಗ್ತಿರ್ಲಿಲ್ಲ" ಎಂದರು.

ಕಿವಿಗೆ ಹಾಕುವ ಮೆಷಿನ್ ಕೊಡಿಸಿದಳು. ಎಲ್ಲ ಸದ್ದೂ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಕೇಳುತ್ತದೆ ಎಂದು ಅವನು ಅದನ್ನು ಡಬ್ಬಿಯಲ್ಲಿಟ್ಟ. ದೋಣಿಯ ಕೆಲಸ ಬಿಟ್ಟುಬಿಡು ಎಂದರೆ ಕಿವಿಯ ಮಾತು ಹಾಗಿರಲಿ, ಮನಸ್ಸಿನಿಂದಲೂ ಕೇಳಿಸಿಕೊಳ್ಳಲಿಲ್ಲ. ಪ್ರೇಮಲತಾ ಅಂಗಡಿಗೆ ರಜೆ ಹಾಕಿ, ಎರಡು ಪ್ಯಾನೆಲ್, ಒಂದು ಲಿಥಿಯಂ ಬ್ಯಾಟರಿ, ದೋಣಿಯ ಹಿಂಬದಿಗೆ ತೂಗುಹಾಕುವ ಕರೆಂಟ್ ಮೋಟಾರು, ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಳು. ಈ ಸಲ ಅಪ್ಪ ತಾನೇ ಸಾಮಾನು ಇಳಿಸಿಕೊಂಡ. ಹೊನ್ನಯ್ಯನ ಹೆಂಡತಿಯ ಕೈಗೆ ಕಟ್ಟಿದ್ದ ಬ್ಯಾಂಡೇಜು ಅವನ ಮಾತನ್ನೆಲ್ಲ ಕಟ್ಟಿಹಾಕಿತ್ತು.

ಇಬ್ಬರೂ ಸೇರಿ ಇಂಜಿನ್ನಿನ ಬೋಲ್ಟ್ ಬಿಚ್ಚಿ ದಂಡೆಗೆ ಎಳೆದುಹಾಕಿದರು. ಪೈಪುಗಳಿಂದ ಚಪ್ಪರದ ಹಾಗೆ ಒಂದು ಫ್ರೇಮು ನಿಲ್ಲಿಸಿ ಅದರ ಮೇಲೆ ಪ್ಯಾನೆಲ್ ಹಾಕಿದರು. ಜನ ಎದ್ದು ನಿಂತರೂ ತಲೆ ತಾಗದಿರಲಿ ಎಂದು ಪ್ರೇಮಲತಾ ಎತ್ತರವಾಗಿ ಮಾಡಿಸಿದ್ದಳು. ಗಾಳಿ ಬೀಸಿದ ಕೂಡಲೇ ದೋಣಿ ಒಂದು ಪಕ್ಕಕ್ಕೆ ವಾಲಿತು. ತಾರಸಿ ಅಲುಗಾಡುವುದಿಲ್ಲ, ದೋಣಿ ಅಲುಗಾಡುತ್ತದೆ ಎಂಬುದನ್ನು ಮರೆತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮತ್ತೆ ಬಿಚ್ಚಿ, ಪೈಪುಗಳನ್ನು ಕುಣಿಗಲ್ಲಿಗೆ ಒಯ್ದು ಗಿಡ್ಡ ಮಾಡಿಸಿ ತಂದಳು. ಕೂತವರಿಗೆ ನೆರಳು, ನಿಂತವರು ಬಗ್ಗಬೇಕು, ಅಷ್ಟೇ.

ಬ್ಯಾಟರಿಯನ್ನು ನೀರು ನುಗ್ಗದ ಪೆಟ್ಟಿಗೆಯಲ್ಲಿಟ್ಟು ನಡು ಹಲಗೆಯ ಕೆಳಗೆ ಬಿಗಿದಳು. ಬಿಸಿಲಿನಿಂದ ಬಂದ ಕರೆಂಟನ್ನು ಬ್ಯಾಟರಿಗೆ ಬೇಕಾದಷ್ಟೇ ಬಿಡುವ ಕಂಟ್ರೋಲರನ್ನು ನೀರು ಎರಚದ ಎತ್ತರದಲ್ಲಿ, ಫ್ರೇಮಿನ ಕಾಲಿಗೆ ಕೂರಿಸಿದಳು. ವೈರುಗಳನ್ನೆಲ್ಲ ಪೈಪಿನೊಳಗೆ ಎಳೆದು, ಪೆಟ್ಟಿಗೆಗೆ ಹೋಗುವ ಕಡೆ ಕೆಳಗೊಂದು ಬಳುಕು ಕೊಟ್ಟು, ಮಳೆನೀರು ವೈರಿನ ಗುಂಟ ಒಳಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುವ ಹಾಗೆ ಮಾಡಿದಳು. ಬ್ಯಾಟರಿಯ ಬಾಯಲ್ಲೇ ಫ್ಯೂಸ್ ಇಟ್ಟಳು. ಬಿಸಿಲು ಬಿದ್ದ ಪ್ಯಾನೆಲ್‌ನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಹಾಗಾಗಿ ಜೋಡಣೆ ಮುಗಿಯುವ ತನಕ ಅವುಗಳ ಮೇಲೆ ಕಂಬಳಿ ಹೊದಿಸಿ ಹಿಡಿದುಕೊಳ್ಳಲು ಅಪ್ಪನಿಗೆ ಸನ್ನೆ ಮಾಡಿದಳು. ಅವನು ತೋಳು ಚಾಚಿ ಕಂಬಳಿಯ ಎರಡೂ ತುದಿ ಹಿಡಿದು ನಿಂತ. ಕೆಳಗಿನಿಂದ ನೋಡಿದರೆ ಮಗುವಿಗೆ ಹೊದಿಸುವವನ ಹಾಗೆ ಕಂಡ. ಅವಳು ಬ್ಯಾಟರಿ ವೈರನ್ನು ಮೊದಲು, ಪ್ಯಾನೆಲ್ ವೈರನ್ನು ಆಮೇಲೆ ಸೇರಿಸಿ, ಕಂಬಳಿ ತೆಗೆ ಎಂದು ಕೈಯಾಡಿಸಿದಳು. ಕಂಟ್ರೋಲರಿನಲ್ಲಿ ಹಸಿರು ದೀಪ ಹತ್ತಿತು.

ಸುಬ್ಬಲಕ್ಷ್ಮಮ್ಮನನ್ನು ಮುಂದೆ ಕೂರಿಸಿಕೊಂಡು ಮೊದಲ ಸಲ ಹೊರಟರು. ಪ್ರೇಮಲತಾ ಮೋಟಾರಿನ ಹಿಡಿಯನ್ನು ತಿರುವಿದಳು. ಅಪ್ಪ ಅವಳನ್ನೇ ನೋಡುತ್ತ ನಿಂತಿದ್ದ.

"ಆನ್ ಮಾಡವ್ವ" ಎಂದ.

"ಆಗೈತಪ್ಪ" ಎಂದು ಅವಳು ದಂಡೆಯ ಕಡೆ ಕೈ ತೋರಿಸಿದಳು. ದಂಡೆ ಆಗಲೇ ಹಿಂದೆ ಸರಿದಿತ್ತು.

ಕೆರೆಯ ನಡುವಿಗೆ ಬಂದಾಗ ಅವ್ವನ ಮುಖ ಅರಳಿತು. "ಅಯ್ಯೋ, ನೀರ್‌ಕೋಳಿ ಕೂಗಾದು ಕೇಳ್ತೈತೆ ಕಣೆ! ಇಷ್ಟ್ ವರ್ಸದಲ್ಲಿ ಈ ದೋಣೀಲಿ ಕೂತು ಒಂದು ಹಕ್ಕಿ ಸದ್ದು ಕೇಳಿರ್ಲಿಲ್ಲ. ಕೇಳ್ತೇನು..." ಎಂದು ಗಂಡನ ಕಡೆ ತಿರುಗಿದವಳು ಮಾತನ್ನು ಅಲ್ಲಿಗೇ ನಿಲ್ಲಿಸಿದಳು.

ಅವನು ಇವರಿಬ್ಬರನ್ನೂ ಗಮನಿಸುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಎರಡೂ ಪಾದಗಳನ್ನು ದೋಣಿಯ ತಳಕ್ಕೆ ಒತ್ತಿ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ ಮೋಟಾರಿನ ಮೇಲೆ ಅಂಗೈ ಇಟ್ಟ. ಅಲ್ಲಿಯೂ ಏನೂ ಸಿಗಲಿಲ್ಲವೇನೋ, ಕೈ ತೆಗೆದ.

"ಇಂಜಿನ್ನು ಕಾಲಲ್ಲಿ ಕೇಳ್ತಿತ್ತು ಕಣವ್ವ" ಎಂದ. "ಕಿವೀಲಿ ನಿಂತು ಭಾಳ ದಿನ ಆಗಿತ್ತು. ಕಾಲಲ್ಲಿ ಚೆನ್ನಾಗಿ ಕೇಳ್ತಿತ್ತು. ಈಗ ಅದೂ ಇಲ್ಲ."

ದೂರು ಹೇಳುವ ದನಿಯಲ್ಲಿ ಅವನು ಹೇಳಲಿಲ್ಲ. ಆದರೆ ಪ್ರೇಮಲತಾ ಹಿಡಿಯನ್ನು ತಿರುವಿ ದೋಣಿಯನ್ನು ನಿಧಾನ ಮಾಡಿದಳು. ಅಪ್ಪನಿಗೆ ಉಳಿದಿದ್ದ ಒಂದು ಸದ್ದನ್ನು ತಾನೇ ಬೋಲ್ಟ್ ಬಿಚ್ಚಿ ದಂಡೆಗೆ ಹಾಕಿಬಂದಿದ್ದಳು. ಅದನ್ನು ತೆಗೆಯಲೇಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಇದೇ ಕೆಲಸವನ್ನು ಅವನ ಕಿವಿ ಚೆನ್ನಾಗಿದ್ದಾಗ ಮಾಡಿದ್ದರೆ ಅವನೂ ಈಗ ಅವ್ವನ ಜೊತೆ ನೀರುಕೋಳಿಯನ್ನು ಕೇಳುತ್ತಿದ್ದ. ಒಂದು ನಗುವನ್ನು ನುಂಗಿಕೊಳ್ಳಲಾರದೆ ತಾನು ಇಷ್ಟು ವರ್ಷ ಸುಮ್ಮನಿದ್ದೆನಲ್ಲ ಎಂದುಕೊಂಡು ಅವಳು ದೋಣಿಯನ್ನು ದಂಡೆಯ ಕಡೆ ತಿರುಗಿಸಿದಳು.

ವಾಪಸು ಬಂದು ಹಗ್ಗ ಕಟ್ಟುವಾಗ ಅವಳು ಅಪ್ಪನ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಅವತ್ತೇ ಮಾಡ್ಬೇಕಾಗಿತ್ತು ಅಪ್ಪ. ನಾನು ಇನ್ನೊಂದ್ಸಲ ಹೇಳ್ಬೇಕಾಗಿತ್ತು."

ಅವನಿಗೆ ಅರ್ಥವಾಯಿತು. "ನಾನು ಎಲ್ರೆದುರ್ಗೂ ನಗ್ಬಾರ್ದಾಗಿತ್ತು" ಎಂದ.

"ಹೇಳಿದ್ರೆ ಕೇಳ್ತಿದ್ದ್ಯಾ?"

ಅವನು ಹಗ್ಗದ ಗಂಟನ್ನು ಬಿಗಿದು, ಎಳೆದು ನೋಡಿ, ಆಮೇಲೆ ಹೇಳಿದ. "ಕೇಳ್ತಿದ್ದೆನೇನೋ."

ಇಲ್ಲ ಎಂದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು.

ಹೊಸ ದೋಣಿಯಿಂದ ಊರಿಗೆ ಮೊದಮೊದಲು ತೊಂದರೆಯೇ ಆಯಿತು. ಇಂಜಿನ್ನಿನ ಸದ್ದು ಕೇಳಿ ಮನೆಯಿಂದ ಹೊರಡುತ್ತಿದ್ದ ಆಚೆ ದಂಡೆಯವರಿಗೆ ದೋಣಿ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಮಕ್ಕಳಿಗೆ ಸ್ಕೂಲ್ ಬಸ್ಸು ತಪ್ಪಿತು. ಸದ್ದಿದ್ದರೇನೇ ಜನಕ್ಕೆ ಗೊತ್ತಾಗುವುದು ಎಂದು ಅಪ್ಪ ಅಂದು ಹೇಳಿದ ಮಾತು ನಿಜವೇ ಆಗಿತ್ತು. ಪ್ರೇಮಲತಾ ಮುಂದಿನ ಭಾನುವಾರವೇ ಬಂದು ಅದೇ ಬ್ಯಾಟರಿಯಿಂದ ಒಂದು ಹಾರನ್ ಕೂರಿಸಿದಳು. ಅದು ಹೊಡೆದದ್ದು ರಾಮಾಂಜಿನಯ್ಯನಿಗೆ ಕೇಳುವುದಿಲ್ಲವಾದ್ದರಿಂದ ಪಕ್ಕದಲ್ಲೇ ಒಂದು ಕೆಂಪು ದೀಪ ಇಟ್ಟಳು. ದೀಪ ಹತ್ತಿದರೆ ಹಾರನ್ ಆಗಿದೆ ಎಂದು ಲೆಕ್ಕ. ಜನ ಹತ್ತುವುದನ್ನು ನೋಡಿಕೊಳ್ಳಲು ಸುಬ್ಬಲಕ್ಷ್ಮಮ್ಮ ದಿನವೂ ದೋಣಿಗೆ ಬರತೊಡಗಿದಳು. ಎಲ್ಲರೂ ಕೂತ ಮೇಲೆ ಅವಳು ಕೈ ಎತ್ತುತ್ತಾಳೆ, ಅವನು ಹಿಡಿ ತಿರುವುತ್ತಾನೆ. ಹೊನ್ನಯ್ಯನ ಹೆಂಡತಿಯೂ ಕೈ ಕೂಡಿದ ಮೇಲೆ ಬಂದು ಹತ್ತಿದಳು.

ಈಗ ದೋಣಿಯಲ್ಲಿ ಮಾತೇ ಮಾತು. ಹಿಂದೆ ಇಂಜಿನ್ನಿನ ಗಲಾಟೆಗೆ ಬಾಯಿ ಮುಚ್ಚಿ ಕೂರುತ್ತಿದ್ದವರು ಈಗ ಕೊಬ್ಬರಿ ರೇಟು, ಮದುವೆ ಮಾತುಕತೆ, ಯಾರದೋ ಹಸು ಕರು ಹಾಕಿದ್ದು, ಎಲ್ಲವನ್ನೂ ಆಡುತ್ತ ದಾಟುತ್ತಾರೆ. ಯಾರಾದರೂ ನಕ್ಕರೆ ರಾಮಾಂಜಿನಯ್ಯ ಅವರ ಮುಖ ನೋಡಿ ತಾನೂ ನಗುತ್ತಾನೆ. ಯಾಕೆ ನಕ್ಕರೆಂದು ಕೇಳುವುದಿಲ್ಲ.

ಪ್ರೇಮಲತಾ ಬಿಡುವಾದಾಗಲೆಲ್ಲ ಬರುತ್ತಾಳೆ. ಟರ್ಮಿನಲ್ ಬಿಗಿ ಮಾಡುತ್ತಾಳೆ, ಪ್ಯಾನೆಲ್ ಒರೆಸುತ್ತಾಳೆ. ಅವೆಲ್ಲ ಅಪ್ಪ ಆಗಲೇ ಮಾಡಿಟ್ಟಿರುವ ಕೆಲಸಗಳೇ. ಆಮೇಲೆ ಅವನಿಗೆ ಎದುರಾಗಿ ನಡು ಹಲಗೆಯ ಮೇಲೆ ಕೂತು, ಗುಬ್ಬಿಯ ಸುದ್ದಿ, ಮಗಳ ಪರೀಕ್ಷೆ, ತುಮಕೂರಿನಲ್ಲಿ ಈ ವಾರ ಹತ್ತಿದ ತಾರಸಿಗಳ ವಿಷಯ ಒಂದೊಂದಾಗಿ ಹೇಳುತ್ತಾಳೆ. ಅವನು ಅವಳ ತುಟಿಯ ಮೇಲೆ ಕಣ್ಣಿಟ್ಟು ಕೂರುತ್ತಾನೆ. ಅರ್ಧ ತಿಳಿಯುತ್ತದೆ. ಉಳಿದದ್ದಕ್ಕೆ ಸುಮ್ಮನೆ ತಲೆಯಾಡಿಸುತ್ತಾನೆ. ಅಷ್ಟರಲ್ಲಿ ಆಚೆ ದಂಡೆ ಹತ್ತಿರವಾಗುತ್ತದೆ, ಅವನು ಹಗ್ಗ ಹಿಡಿದು ಏಳುತ್ತಾನೆ.