ಕಾಕಾ ತಾವೇ ಬರೆದುಕೊಂಡ ಕಾಕಾ

ಉದಾರೀಕರಣ ಸಾಂಗ್ಲಿಗೆ ಏನೇನು ತಂದಿತೋ ಗೊತ್ತಿಲ್ಲ, ಫ್ಲೆಕ್ಸ್ ಅಂತೂ ತಂದಿತು. ಅದು ಅಗ್ಗವಾದದ್ದೇ ತಡ, ಊರಿನ ಗಂಡಸರಿಗೆಲ್ಲ ತಮ್ಮ ಮುಖದ ಮೇಲೆ ಪ್ರೀತಿ ಉಕ್ಕಿತು. ಅರಿಶಿನದ ವ್ಯಾಪಾರಿಯಾದ ನಮ್ಮ ಕಾಕಾ ಹಿಂದೆ ಬೀಳುವವರೇ? ಅರವತ್ತು ತುಂಬಿದಾಗ ಬುಧಗಾಂವ ರಸ್ತೆಯಲ್ಲಿ ಮನೆಯೆತ್ತರದ ಫ್ಲೆಕ್ಸ್ ನಿಲ್ಲಿಸಿದರು. ಕಿವಿಗೆ ಮೊಬೈಲು, ಬೋಳು ತಲೆಗೆ ಕಂಪ್ಯೂಟರಿನ ಕೂದಲು. ‘ಒಂದು ದಿನವೂ ವಿಶ್ರಾಂತಿ ಪಡೆಯದೆ ಸ್ವಂತ ಬಲದಿಂದ ಮೇಲೆ ಬಂದ ಧೀರ’ ಎಂದು ಮರಾಠಿಯಲ್ಲಿ ಹಿತೈಷಿಗಳ ಒಕ್ಕಣೆ. ಹಿತೈಷಿ ಬೇರಾರೂ ಅಲ್ಲ, ಅವರೇ. ನನ್ನ ಮರಾಠಿ ಚೆನ್ನಾಗಿದೆಯೆಂದು ಎದುರಿಗೆ ಕೂರಿಸಿಕೊಂಡು ಬರೆಸಿದ್ದರು.

ಚಿತ್ರಕಾರ ಕನ್ನಡಿ ಮುಂದೆ ಕೂತು ತನ್ನ ಚಿತ್ರ ಬರೆದರೆ ಮೂಗಿನ ಮೇಲಿನ ನರುಲಿಯನ್ನೂ ಬಿಡುವುದಿಲ್ಲವಂತೆ. ಕಾಕಾ ಬಿಟ್ಟದ್ದು ನರುಲಿಯನ್ನಲ್ಲ, ಹೆಂಡತಿಯನ್ನು. ಹಿಂದೊಮ್ಮೆ ಟಿಬಿ ಹಿಡಿದು ಕಾಕಾ ಮಿರಜದ ದವಾಖಾನೆಯಲ್ಲಿ ವರ್ಷದ ಮೇಲೆ ಮಲಗಿದ್ದಾಗ ಅಂಗಡಿಯ ಗಾದಿ ಮೇಲೆ ಕೂತವರು ಆ ಹೆಂಡತಿ, ನಮ್ಮ ಕಾಕು. ಹೆಂಗಸು ಗಾದಿ ಏರಿದಳೆಂದು ಪೇಟೆ ನಕ್ಕಿತು. ಕಾಕು ಅರಿಶಿನದ ಕೊಂಬು ಮುರಿದು ನೋಡಿ, ಗಂಡಸರ ನಡುವೆ ನಿಂತು ಹರಾಜಿನ ಸವಾಲು ಕೂಗಿದರು. ಗುಣವಾಗಿ ಬಂದ ದಿನವೇ ಕಾಕಾ ಅವರನ್ನು ಅಡಿಗೆಮನೆಗೆ ಕಳಿಸಿದರು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಫ್ಲೆಕ್ಸ್ ಸಾಲದೆ ಅರವತ್ತರ ಸಮಾರಂಭದಲ್ಲಿ ಕಾಕು ಹೇಳಬೇಕಾದ ಒಡಪನ್ನೂ ಅವರೇ ಮರಾಠಿಯಲ್ಲಿ ಬರೆದರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ನಾಲ್ಕು ಜನ ಒತ್ತಾಯಿಸಿದರೆ ಪ್ರಾಸ ಕಟ್ಟಿ, ಒಡಪಿನ ಕೊನೆಗೆ ಹೇಳುತ್ತಾಳೆ. ಆ ಪ್ರಾಸವೊಂದಾದರೂ ಅವಳದು. ಅದನ್ನೂ ಈ ಪುಣ್ಯಾತ್ಮರು ಕಿತ್ತುಕೊಂಡು, ಅದರೊಳಗೆ ಆ ಧೀರನನ್ನು ತುರುಕಿ, ಬಾಯಿಪಾಠ ಮಾಡೆಂದು ಕಾಕುಗೆ ಕೊಟ್ಟರು. ನನಗೆ ಅಸಹ್ಯವಾಯಿತು.

“ಇದನ್ನ ಹೇಳಿದ್ರ ನಾ ಗಾದಿ ಮ್ಯಾಲ ಕುಂತದ್ದು ನನ್ನ ಬಾಯಿಂದನ ಸುಳ್ಳಾಗ್ತೈತಿ,” ಎಂದರು ಕಾಕು.

ಸಮಾರಂಭದ ದಿನ ಮಂಗಲ ಕಾರ್ಯಾಲಯದಲ್ಲಿ ಹೆಂಗಸರು “ಹೆಸರ ಹೇಳ್ರಿ ಕಾಕು” ಎಂದು ಮೈಕು ಹಿಡಿದರು. ಕಾಕಾ ಎದೆ ಉಬ್ಬಿಸಿ ಕೂತಿದ್ದರು. ಕಾಕು ಮನೆಮಾತಾದ ಕನ್ನಡದಲ್ಲಿ ಶುರು ಮಾಡಿದರು:

“ಮಿರಜದ ದವಾಖಾನ್ಯಾಗ ಇವ್ರು ಹಾಸಿಗಿ ಹಿಡದಿದ್ರು,
ಸಾಂಗ್ಲಿ ಗಾದಿ ಮ್ಯಾಲ ನಾ ಕುಂತದ್ದು ಊರೆಲ್ಲಾ ನೋಡಿದ್ರು.”

ಅಲ್ಲಿಗೆ ನಿಲ್ಲಿಸಿದರು. ಸಭೆಯಲ್ಲಿ ಮುಕ್ಕಾಲು ಜನಕ್ಕೆ ಕನ್ನಡ ತಿಳಿಯುತ್ತದೆ, ಆಡಲು ಮಾತ್ರ ನಾಚಿಕೆ. ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬಳು, “ಹೆಸರ ಬರಲಿಲ್ಲಲ್ರಿ?” ಎಂದಳು.

“ಹೆಸರ ಅವರ ಬರಸ್ಯಾರಲ್ಲ ರಸ್ತೆದಾಗ. ಹೋಗಿ ಓದ್ರಿ,” ಎಂದು ಕಾಕು ಮೈಕನ್ನು ಕಾಕಾನ ಕೈಗಿಟ್ಟರು.