ಬೇಲಿಯಾಚೆಯ ರಾಟೆಗೊಂದು ಲೆನ್ಸು

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಗಣಿಯ ಸೈರನ್ನಿಗೆ ಏಳುತ್ತಿತ್ತು, ಸೈರನ್ನಿಗೇ ಉಣ್ಣುತ್ತಿತ್ತು. ಕೋರಮಂಡಲ್ ಎಂಬ ಚಿನ್ನದ ಗಣಿಯ ಊರಿನಲ್ಲಿ ಅಪ್ಪನದೊಂದು ಫೋಟೋ ಅಂಗಡಿ. ಬೆಳಗಿನ ಸೈರನ್ ನಿಂತ ಕೂಡಲೇ ನಾನು ಕ್ಯಾಮರಾದ ಹಿತ್ತಾಳೆ ತಿರುಪುಗಳನ್ನು ಒರೆಸಬೇಕು, ಅಕ್ಕ ಅದರ ತಿದಿಯ ಧೂಳು ತೆಗೆಯಬೇಕು. ಅದಾಗದೆ ಯಾರಿಗೂ ತಿಂಡಿಯಿಲ್ಲ. ಇವತ್ತೂ ನಾನು ಹಾಸಿಗೆ ಮಡಿಸದವರಿಗೆ ದೋಸೆ ಕೊಡುವುದಿಲ್ಲ ಎಂದು ನೀವು ಮೊಮ್ಮಕ್ಕಳು ಗೊಣಗುತ್ತೀರಲ್ಲ, ಅದು ಅಲ್ಲಿಂದ ಬಂದದ್ದು.

ಆ ಕ್ಯಾಮರಾ ತೇಗದ ಮರದ ದೊಡ್ಡ ಪೆಟ್ಟಿಗೆ. ಮುಂದೆ ಲೆನ್ಸು, ಹಿಂದೆ ಗಾಜಿನ ಹಲಗೆ, ನಡುವೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಕಪ್ಪು ಚರ್ಮ. ಅದಕ್ಕೂ ನಾವು ತಿದಿ ಎಂದೇ ಹೇಳುತ್ತಿದ್ದೆವು. ಹಿಗ್ಗಿಸಿದರೆ ಹಳೆಯ ಚರ್ಮದ ವಾಸನೆ ಬರುತ್ತಿತ್ತು. ಪೂರ್ತಿ ಎಳೆದರೂ ಅದು ಒಂದು ಮೊಳ ಮುಟ್ಟುತ್ತಿರಲಿಲ್ಲ.

ಆ ವರ್ಷ ನಮ್ಮ ಬೀದಿಯ ಹತ್ತಿರದ ಹಳೆಯ ಗಣಿ ಬಾವಿಯೊಂದನ್ನು ಮುಚ್ಚುತ್ತಾರೆ ಎಂದು ಸುದ್ದಿಯಾಯಿತು. ಬಾವಿಯ ಮೇಲಿದ್ದ ಕಬ್ಬಿಣದ ಗೋಪುರವನ್ನೂ, ಅದರ ತುದಿಯಲ್ಲಿ ತಿರುಗುತ್ತ ಜನರನ್ನು ಕೆಳಗಿಳಿಸಿ ಮೇಲೆತ್ತುತ್ತಿದ್ದ ದೊಡ್ಡ ರಾಟೆಯನ್ನೂ ಬಿಚ್ಚಿ ಒಯ್ಯುವವರಿದ್ದರು. ಅಧಿಕಾರಿಗಳು ಅದರ ಕೆಳಗೆ ಕುರ್ಚಿ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡರು. ಬಾವಿಗೆ ಇಳಿಯುತ್ತಿದ್ದವರು ನಮಗೂ ಒಂದು ಬೇಕು ಎಂದು ಕೇಳಿದಾಗ, ಹೊರಗಿನ ಕ್ಯಾಮರಾ ಗಣಿಯ ಬೇಲಿಯೊಳಗೆ ಬರುವಂತಿಲ್ಲ ಎಂಬ ಉತ್ತರ ಸಿಕ್ಕಿತು. ಅವರು ನೇರವಾಗಿ ಅಪ್ಪನ ಅಂಗಡಿಗೆ ಬಂದರು. ಅವರಲ್ಲಿ ಹಿರಿಯ ಮೇಸ್ತ್ರಿ ಬಾಗಿಲಲ್ಲೇ ನಿಂತು, "ರಾಟೆ ನಮ್ ತಲೆ ಮೇಲೆ ಕಾಣ್ಬೇಕು, ಅಷ್ಟೆ. ಬೇಲಿ ಆಚೇನೋ ಈಚೇನೋ ನೀನೇ ನೋಡ್ಕೊ" ಎಂದ.

ಬೇಲಿಯ ಈಚೆ ಅವರನ್ನು ನಿಲ್ಲಿಸಿ ಹತ್ತಿರದಿಂದ ತೆಗೆದರೆ ಮುಖಗಳು ದೊಡ್ಡವಾಗಿ, ಹಿಂದಿನ ರಾಟೆ ಬಳೆಯಷ್ಟಾಗುತ್ತಿತ್ತು. ಕ್ಯಾಮರಾವನ್ನು ರಸ್ತೆಯಾಚೆಯ ಮರಳುದಿಬ್ಬದವರೆಗೆ ಹಿಂದೆ ಒಯ್ದರೆ ಜನಕ್ಕೂ ರಾಟೆಗೂ ಅಳತೆ ಸರಿಹೋಗುತ್ತಿತ್ತು, ಆದರೆ ಎಲ್ಲವೂ ಇರುವೆಯಷ್ಟು ಚಿಕ್ಕದು. ಅಷ್ಟು ದೂರದಿಂದ ದೊಡ್ಡದಾಗಿ ಹಿಡಿಯಲು ಉದ್ದ ನೋಟದ ಲೆನ್ಸು ಬೇಕಿತ್ತು. ಅಂಥ ಲೆನ್ಸಿಗೆ ಸಾಮಾನ್ಯವಾಗಿ ತಿದಿಯೂ ಹೆಚ್ಚು ಉದ್ದ ಹಿಗ್ಗಬೇಕು. ಮಾರನೆಯ ದಿನವೇ ಅಪ್ಪ, ಅಕ್ಕ, ನಾನು ಬಂಗಾರಪೇಟೆಯ ರೈಲು ಹತ್ತಿದೆವು. ಹೊರಡುವ ಮುಂಚೆ ಅಕ್ಕ ತಿದಿಯನ್ನು ಪೂರ್ತಿ ಹಿಗ್ಗಿಸಿ, ತನ್ನ ಜಡೆಯ ಟೇಪಿನಲ್ಲಿ ಅದರ ಉದ್ದ ಅಳೆದು, ಅಲ್ಲಿಗೆ ಗಂಟು ಹಾಕಿಕೊಂಡಿದ್ದಳು.

ಸ್ಟೇಷನ್ನಿನ ಎದುರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಸೀಮೆಎಣ್ಣೆ, ತುಕ್ಕು, ಪಕ್ಕದ ಮನೆಯ ಒಗ್ಗರಣೆ ಎಲ್ಲದರ ವಾಸನೆ ಬೆರೆತಿತ್ತು. ಅಂಗಡಿಯವನು ಎರಡು ಲೆನ್ಸು ತೆಗೆದಿಟ್ಟ. ಒಂದು ಹಿತ್ತಾಳೆಯದು, ತಂಬಿಗೆಯಷ್ಟು ದಪ್ಪ, ಥಳಥಳ. ಇನ್ನೊಂದು ಕಪ್ಪಗೆ, ಗಿಡ್ಡಗೆ. ಅಪ್ಪ ಹಿತ್ತಾಳೆಯದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. ಚಿನ್ನದ ಗಣಿಯ ಊರಿನವರ ಚಾಳಿ ಅದು. ಕಲ್ಲಾಗಲಿ ಕುಂಬಳಕಾಯಾಗಲಿ, ಭಾರ ಇದ್ದರೆ ಒಳಗೆ ಏನೋ ಇದೆ ಎಂದು ನಂಬುತ್ತಿದ್ದೆವು. ಅಪ್ಪನ ಮುಖ ನೋಡಿದರೆ ಆಗಲೇ ಮನಸ್ಸು ಮಾಡಿಯಾಗಿತ್ತು.

"ಅದು ಬ್ಯಾಡಪ್ಪ," ಎಂದಳು ಅಕ್ಕ. "ನಮ್ ತಿದಿ ಅಷ್ಟುದ್ದ ಬರಲ್ಲ."

"ಏಮ್ಮಾ, ಎಳೆದ್ರೆ ಬತ್ತದೆ ಬುಡು," ಎಂದು ಅಂಗಡಿಯವನು ನಕ್ಕ. "ಎಣ್ಣುಡ್ಗಿ ಮಾತ್ ಕೇಳ್ಕೊಂಡು ಇಂಥಾ ಸಾಮಾನು ಬುಡ್ತೀಯೇನಣ್ಣಾ?"

"ಎಳೆದ್ರೆ ಅರ್ದೋಯ್ತದೆ. ಒಲಿಯಾಕೆ ನೀನ್ ಬತ್ತೀಯಾ?"

ಅಪ್ಪ ಅವಳನ್ನು ಗದರಲಿಲ್ಲ, ಅವಳ ಮಾತು ಒಪ್ಪಲೂ ಇಲ್ಲ. ಅಕ್ಕ ಕಾಯಲಿಲ್ಲ. ಅಂಗಡಿಯ ಕಿಟಕಿ ಮುಚ್ಚಿಸಿ, ತೆರೆದ ಬಾಗಿಲಿಗೆ ಎದುರಾಗಿ ಹಿತ್ತಾಳೆ ಲೆನ್ಸನ್ನು ಹಿಡಿದಳು. ಅದರ ಹಿಂದೆ ಬಿಳಿ ಕಾಗದ ಹಿಡಿದು ನಿಧಾನವಾಗಿ ಹಿಂದೆ ಸರಿಯುವುದು ನನ್ನ ಕೆಲಸ. ಕಾಗದದ ಮೇಲೆ ಮಂಜಿನಂತಿದ್ದದ್ದು ಸರಿಯುತ್ತ ಸರಿಯುತ್ತ ತಿಳಿಯಾಯಿತು. ರೈಲ್ವೆ ಸಿಗ್ನಲ್ ತಲೆಕೆಳಗಾಗಿ ಮೂಡಿತು; ಅದರ ಕೈಮೇಲೆ ಕೂತ ಕಾಗೆಯೂ ತಲೆಕೆಳಗು. ಅಕ್ಕ ಲೆನ್ಸಿನಿಂದ ಕಾಗದಕ್ಕೆ ಟೇಪು ಹಿಡಿದಳು. ಗಂಟು ದಾಟಿ ಇನ್ನೂ ಒಂದೂವರೆ ಗೇಣು ಬೇಕಾಗಿತ್ತು. ಅಷ್ಟುದ್ದ ತಿದಿ ಇಲ್ಲದಿದ್ದರೆ ಆ ಲೆನ್ಸು ನಮಗೆ ಮಂಜನ್ನು ಬಿಟ್ಟು ಬೇರೇನೂ ತೋರಿಸುತ್ತಿರಲಿಲ್ಲ.

ಗಿಡ್ಡ ಲೆನ್ಸು ಬೇರೆ ಬಗೆಯದು. ಅದರೊಳಗಿನ ಗಾಜುಗಳ ಜೋಡಣೆಯೇ ಹಾಗೆ. ಚಿತ್ರ ಅಷ್ಟೇ ದೊಡ್ಡದು, ಆದರೆ ಹತ್ತಿರದಲ್ಲೇ ಮೂಡುತ್ತದೆ. ಸಿಗ್ನಲ್ ಗಂಟಿಗಿಂತ ಎಷ್ಟೋ ಈಚೆಗೇ ತಿಳಿಯಾಯಿತು. ನೋಡುವ ವಸ್ತು ಹತ್ತಿರವಾದಷ್ಟೂ ತಿದಿ ಹೆಚ್ಚು ಹಿಗ್ಗಬೇಕು, ನಮ್ಮ ಜನ ಸಿಗ್ನಲ್ಲಿಗಿಂತ ಹತ್ತಿರ ನಿಲ್ಲುತ್ತಾರೆ, ಅದಕ್ಕೂ ಜಾಗ ಉಳಿದಿದೆ ಎಂದು ಅಕ್ಕ ಅಪ್ಪನಿಗೆ ಟೇಪು ತೋರಿಸಿದಳು. ಚಿತ್ರ ಮಾತ್ರ ಸ್ವಲ್ಪ ಮಂಕಾಗಿತ್ತು. ಮಂಕಾದರೆ ಬೆಳಕನ್ನು ಹೆಚ್ಚು ಹೊತ್ತು ಒಳಗೆ ಬಿಡಬೇಕು, ಅಷ್ಟು ಹೊತ್ತೂ ಯಾರೂ ಅಲುಗಬಾರದು. ಅಪ್ಪ ಹಿತ್ತಾಳೆಯದನ್ನು ಇನ್ನೊಮ್ಮೆ ಸವರಿ ಕೆಳಗಿಟ್ಟರು. "ಗಿಡ್ಡದೇ ಕಟ್ಟಿಕೊಡಪ್ಪ" ಎಂದರು.

ಫೋಟೋದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಜನ ತಲೆಗೆ ಗಣಿಯ ಟೊಪ್ಪಿಗೆ ಹಾಕಿಕೊಂಡು, ಕೆಲಸದ ಬಟ್ಟೆಯಲ್ಲೇ ಬಂದು ಬೇಲಿಯ ಈಚೆ ಸಾಲಾಗಿ ನಿಂತರು. ಅವರನ್ನು ಹೊಂದಿಸಲು ಅಪ್ಪ ಅಲ್ಲಿದ್ದರು. ದಿಬ್ಬದ ಮೇಲೆ ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ಅಕ್ಕ, ಪಕ್ಕದಲ್ಲಿ ನಾನು. ಕಾದ ಮರಳು ಅಂಗಾಲು ಸುಡುತ್ತಿತ್ತು.

ಅಕ್ಕ ಬಟ್ಟೆಯಿಂದ ಹೊರಬಂದು, ಚಿತ್ರ ಹಿಡಿಯುವ ಗಾಜಿನ ಪ್ಲೇಟು ತೂರಿಸಿ, ಅಲುಗಬೇಡಿ ಎಂಬ ಸನ್ನೆಗೆ ಕೈ ಎತ್ತುವಷ್ಟರಲ್ಲಿ ಗೇಟಿನ ಕಾವಲುಗಾರ ಕೋಲು ಬೀಸುತ್ತ ಓಡಿಬಂದ. ಇಲ್ಲಿ ಫೋಟೋ ಕೂಡಾದು, ಎಲ್ಲರೂ ಚದುರಿ ಎಂದು ತಮಿಳು ಕನ್ನಡ ಎರಡರಲ್ಲೂ ಕೂಗಿದನಂತೆ. ಹಿಂದೆ ಮುಂದೆ ನೋಡಿದರೂ ಅವನಿಗೆ ದೂರದ ದಿಬ್ಬದ ಮೇಲಿದ್ದ ಕ್ಯಾಮರಾ ಕಾಣಲಿಲ್ಲ. ಒಬ್ಬನನ್ನೂ ಬಿಡದೆ ಸಾಲಿನ ಉದ್ದಕ್ಕೂ ಗದರಿಸುತ್ತ ನಡೆದ. ಅಕ್ಕ ಕೈ ಇಳಿಸಲಿಲ್ಲ. ಮೇಸ್ತ್ರಿ ಕತ್ತು ತಿರುಗಿಸದೆ ಹೇಳಿದ್ದಿಷ್ಟೇ ಎಂದು ಆಮೇಲೆ ಅಪ್ಪ ಹೇಳಿದರು: "ರೋಡಲ್ಲಿ ನಿಂತಿದ್ದೀವಿ ಕಣ್ಲಾ. ರೋಡು ನಿಮ್ಮಪ್ಪಂದಾ? ಯಾರೂ ಅಲ್ಲಾಡ್ಬೇಡ್ರಿ."

ಅಕ್ಕ ಲೆನ್ಸಿನ ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು, ಮತ್ತೆ ಮುಚ್ಚಿದಳು.

ಆ ಫೋಟೋ ನಮ್ಮ ನಡುಮನೆಯಲ್ಲಿದೆ. ಅಷ್ಟರಲ್ಲಾಗಲೇ ತಿರುಗುವುದು ನಿಂತಿದ್ದ ರಾಟೆ ಅವರ ತಲೆಗಳ ಮೇಲೆ ಹುಣ್ಣಿಮೆಯ ಚಂದ್ರನಂತೆ ಕೂತಿದೆ, ಒಂದೊಂದು ಕಡ್ಡಿಯೂ ಎಣಿಸುವಷ್ಟು ಸ್ಪಷ್ಟ. ಮುಖಗಳೂ ಸ್ಪಷ್ಟ. ಒಂದು ಕಡೆ ಮಾತ್ರ ಹೊಗೆಯಂಥ ಕಲೆಯಿದೆ. ಅದು ಕಾವಲುಗಾರ, ಅವನೊಬ್ಬನೇ ಅಲುಗಿದ್ದು.

ಗೋಪುರ ಹೋಯಿತು, ಆಮೇಲೆ ಗಣಿಗಳೂ ಮುಚ್ಚಿದವು. ನೀವು ಮಕ್ಕಳು ಎರಡು ಬೆರಳು ಅಗಲಿಸಿ ದೂರದ್ದನ್ನು ಹತ್ತಿರ ತರುತ್ತೀರಿ, ಬೇಡದ್ದನ್ನು ಒಂದು ಬೆರಳಲ್ಲಿ ಉಜ್ಜಿ ಇಲ್ಲವಾಗಿಸುತ್ತೀರಿ. ಮೊನ್ನೆ ನಿಮ್ಮಲ್ಲೊಬ್ಬ ಆ ಫೋಟೋವನ್ನು ಫೋನಿಗೆ ಇಳಿಸಿಕೊಂಡು, "ಅಜ್ಜಿ, ಈ ಹೊಗೆ ಅಳಿಸ್ಲಾ? ಒಂದು ನಿಮಿಷದ ಕೆಲಸ" ಎಂದ.

ಬೇಡ ಎಂದೆ. ಆ ಕಾವಲುಗಾರ ಬಂದದ್ದೂ ಕಾಣಬೇಕು, ಇವರು ಅಲುಗದೆ ನಿಂತದ್ದೂ ಕಾಣಬೇಕು.