ರೊಟ್ಟಿ ಹಿಟ್ಟಿನ ಹಿಮಾಲಯ

ಬಿಸಿನೀರು ಬಿದ್ದ ರಾಗಿಹಿಟ್ಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಹಸಿವಿಗಿಂತ ಮೊದಲು ಹಿಮಾಲಯ ನೆನಪಾಗುತ್ತದೆ. ಮೊನ್ನೆ ಹನೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಒಬ್ಬಾಕೆ ರೊಟ್ಟಿ ತಟ್ಟುತ್ತಿದ್ದಳು. ನಮ್ಮ ಹಳೆಯ ಶಾಲೆಯ ಅಡುಗೆಯಮ್ಮನೇ ಎದುರಿಗೆ ಬಂದಂತಾಯಿತು…

ಶಾಗ್ಯದ ಕಡೆಯ ಆ ಶಾಲೆಗೆ ನಾನು ಆಗ ಹೊಸ ಸಮಾಜ ಮೇಷ್ಟ್ರು. ಪಾಠ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ; ಆ ಕೊಬ್ಬು ಈಗಲೂ ಪೂರ್ತಿ ಕರಗಿಲ್ಲ. ಅಂದು ಭೂಫಲಕಗಳ ಪಾಠ. ಮಕ್ಕಳಿಗೆ ಅರ್ಥವಾಗಲೆಂದು ಅಡುಗೆಮನೆಯಿಂದ ಎರಡು ಊಟದ ತಟ್ಟೆ ತರಿಸಿದೆ. ಒಂದು ಭಾರತ, ಇನ್ನೊಂದು ಏಷ್ಯಾ. ಎದುರುಬದುರು ಇಟ್ಟು ತಳ್ಳಿದೆ. ಭಾರತ ಸರ್ರನೆ ಏಷ್ಯಾದ ಅಡಿಗೆ ನುಗ್ಗಿತು; ಹಿಮಾಲಯ ಏಳಲೇ ಇಲ್ಲ. ಮಕ್ಕಳು ಬಿದ್ದುಬಿದ್ದು ನಕ್ಕರು.

ತಟ್ಟೆ ವಾಪಸು ಕೇಳಲು ಬಂದಿದ್ದ ಅಡುಗೆಯಮ್ಮ ಬಾಗಿಲಲ್ಲೇ ನಿಂತಿದ್ದರು.

"ಸಾ, ತಟ್ಟೆ ಎಲ್ಲಾದ್ರೂ ಮಡ್ಚ್ಕತದಾ? ಇಟ್ಟು ತಕಳಿ," ಎಂದವರೇ ತಮ್ಮ ರೊಟ್ಟಿಗೆಂದು ಕಲಸಿದ್ದ ಹಿಟ್ಟು ತಂದು, ಮೇಜಿನ ಮೇಲೆ ಎರಡು ರೊಟ್ಟಿ ತಟ್ಟಿ, ಎರಡೂ ಕೈಯಿಂದ ನೂಕಿದರು. ಕೂಡಿದ ಕಡೆ ಹಿಟ್ಟು ಸುಕ್ಕುಗಟ್ಟಿ ಮೇಲೆದ್ದಿತು. "ನೂಕ್ತಾನೇ ಇದ್ರೆ ಏಳ್ತಾನೇ ಇರ್ತದೆ ಕಣ್ ಸಾ."

ಹಿಮಾಲಯ ಇಂದಿಗೂ ಬೆಳೆಯುತ್ತಿದೆ ಎಂದು ನಾನು ಎರಡು ಪಿರಿಯಡ್ ಒದರಿದ್ದು ಇಷ್ಟನ್ನೇ! ನನ್ನ ತಟ್ಟೆಗಳೂ ದಂಡವಾಗಲಿಲ್ಲ. ಅಂಡಮಾನಿನ ಕಡೆ ನಮ್ಮ ಫಲಕ ಪಕ್ಕದ್ದರ ಅಡಿಗೆ ನುಗ್ಗುವುದನ್ನೂ, ಪಶ್ಚಿಮದಲ್ಲಿ ಅರೇಬಿಯಾದ ಫಲಕವನ್ನು ಉಜ್ಜಿಕೊಂಡು ಸಾಗುವುದನ್ನೂ ಅವುಗಳಲ್ಲೇ ತೋರಿಸಿದೆ.

ಮುಂದಿನ ವಾರ ತಪಾಸಣೆಗೆ ಬಂದ ಅಧಿಕಾರಿ ಹಿಮಾಲಯ ಹೇಗಾಯಿತೆಂದು ಕೇಳಿದರು. ಒಬ್ಬ ಹುಡುಗಿ ಎದ್ದು, "ರೊಟ್ಟಿ ಇಟ್ಟು ಸಾ," ಎಂದು ಶುರು ಮಾಡಿ ಎಲ್ಲವನ್ನೂ ಪಟಪಟನೆ ಒಪ್ಪಿಸಿದಳು.

"ಯಾರದ್ರೀ ಇದು, ಈ ಐಡಿಯಾ?" ಅಧಿಕಾರಿಗೆ ಖುಷಿಯೋ ಖುಷಿ.

"ನಂದೇ ಸಾರ್," ಎಂದೆ.

ಮಕ್ಕಳೆಲ್ಲ ನನ್ನ ಮುಖ ನೋಡಿದರು. ಅನ್ನದ ಪಾತ್ರೆ ಹಿಡಿದ ಅಡುಗೆಯಮ್ಮ ಆಗಲೇ ಜಗುಲಿಯಲ್ಲಿ ಹಾದುಹೋಗುತ್ತಿದ್ದರು. ಕೇಳಿಸಿತ್ತು, ಖಂಡಿತ. ಮಧ್ಯಾಹ್ನ ಎಂದಿನಂತೆ ಬಡಿಸಿ, "ಇನ್ನೊಂಚೂರು ಆಕ್ಲಾ ಸಾ?" ಎಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಾಳೆ ತಪ್ಪೊಪ್ಪಿಕೊಂಡರಾಯಿತು ಎಂದುಕೊಂಡೆ. ನಾಳೆ ನಾಳೆ ಎನ್ನುತ್ತಲೇ ಯಳಂದೂರಿಗೆ ವರ್ಗವಾಯಿತು. ಆಮೇಲೊಂದು ದಿನ, ಅವರು ಮಾರ್ಟಳ್ಳಿಯ ತಮ್ಮ ಮನೆಯಲ್ಲಿ ತೀರಿಕೊಂಡರೆಂಬ ಸುದ್ದಿ ಬಂತು…

ಈಗಲೂ ಪಾಠ ಚೆನ್ನಾಗಿಯೇ ಮಾಡುತ್ತೇನೆ. ಭೂಫಲಕದ ದಿನ ಮನೆಯಿಂದ ರಾಗಿಹಿಟ್ಟು ಕಲಸಿಕೊಂಡು ಹೋಗುತ್ತೇನೆ. ಇದನ್ನು ನನಗೆ ಕಲಿಸಿದ್ದು ನಮ್ಮ ಅಡುಗೆಯಮ್ಮ ಎಂದು ಮೊದಲು ಹೇಳಿಯೇ ಹಿಟ್ಟಿಗೆ ಕೈ ಹಾಕುವುದು. ಜಗುಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ. ಜಗುಲಿಯಲ್ಲಿ ಯಾರೂ ಇರುವುದಿಲ್ಲ.